ಗೋ ಭಾಷೆಯಲ್ಲಿ ಮೆಮೊರಿ ಹಂಚಿಕೆಯ ಮಿತವ್ಯಯ

ಗೋ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಒಂದು ವೇರಿಯಬಲ್ ಮೆಮೊರಿಯ ಯಾವ ಭಾಗದಲ್ಲಿ ಇರಬೇಕೆಂದು ಹೇಳುವುದಿಲ್ಲ. ಹೇಳಲು ಭಾಷೆಯಲ್ಲಿ ದಾರಿಯೂ ಇಲ್ಲ. ಸಿ ಭಾಷೆಯಲ್ಲಿ ‘ಮ್ಯಾಲಕ್’ ಎಂದು ಕೇಳಿದರೆ ಹೀಪ್, ಫಂಕ್ಷನ್ನಿನ ಒಳಗೆ ಸುಮ್ಮನೆ ಘೋಷಿಸಿದರೆ ಸ್ಟ್ಯಾಕ್. ಬರೆದವರಿಗೂ ಗೊತ್ತು, ಓದುವವರಿಗೂ ಗೊತ್ತು. ಗೋದಲ್ಲಿ ‘ನ್ಯೂ’ ಎಂದು ಕೇಳಿ ಪಡೆದದ್ದು ಸ್ಟ್ಯಾಕಿನಲ್ಲೇ ಉಳಿದುಬಿಡಬಹುದು, ಸಾದಾ ಸ್ಥಳೀಯ ವೇರಿಯಬಲ್ಲಾಗಿ ಹುಟ್ಟಿದ್ದು ಹೀಪಿಗೆ ಹೋಗಿ ಕೂರಬಹುದು. ತೀರ್ಮಾನ ಕಂಪೈಲರಿನದು. ಆ ತೀರ್ಮಾನ ಹೇಗೆ ನಡೆಯುತ್ತದೆ, ಅದಕ್ಕೆ ತಕ್ಕಂತೆ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿ ಎಲ್ಲೆಲ್ಲಿ ಬಾಗಿದೆ, ಲೈಬ್ರರಿಯ ರೂಢಿಗಳನ್ನು ಕಂಪೈಲರ್ ಎಷ್ಟರಮಟ್ಟಿಗೆ ಕಲಿತುಕೊಂಡಿದೆ ಎಂಬುದು ಇಲ್ಲಿಯ ವಿಷಯ.

ಗೂಗಲ್‌ನಲ್ಲಿ ರಾಬರ್ಟ್ ಗ್ರೀಸ್‌ಮರ್, ರಾಬ್ ಪೈಕ್ ಮತ್ತು ಕೆನ್ ಥಾಂಪ್ಸನ್ 2007ರಲ್ಲಿ ಭಾಷೆಯ ರೂಪುರೇಷೆ ಹಾಕಿದರು. 2009ರ ನವೆಂಬರ್‌ನಲ್ಲಿ ಅದು ಮುಕ್ತ ತಂತ್ರಾಂಶವಾಗಿ ಹೊರಬಂತು, 1.0 ಆವೃತ್ತಿ ಬಂದದ್ದು 2012ರ ಮಾರ್ಚ್‌ನಲ್ಲಿ. (ಹೆಸರು ಕೇಳಿ ಕನ್ನಡಿಗರಿಗೆ ಹಸು ನೆನಪಾದರೆ ತಪ್ಪಿಲ್ಲ, ಅದರ ಲಾಂಛನ ಮಾತ್ರ ಗೋಫರ್ ಎಂಬ ಬಿಲ ತೋಡುವ ಪ್ರಾಣಿ.) ಮೊದಲ ಕಂಪೈಲರನ್ನು ಸಿ ಭಾಷೆಯಲ್ಲಿ ಬರೆದಿದ್ದರು. 2015ರ 1.5 ಆವೃತ್ತಿಯಲ್ಲಿ ಕಂಪೈಲರ್, ರನ್‌ಟೈಮ್ ಎರಡೂ ಗೋ ಭಾಷೆಗೇ ಬಂದವು. ನಮ್ಮ ವಿಷಯಕ್ಕೆ ಇದು ಮುಖ್ಯ: ಕಂಪೈಲರೂ ಲೈಬ್ರರಿಯೂ ಒಂದೇ ಭಾಷೆಯಲ್ಲಿ, ಒಂದೇ ಕೋಡ್ ಭಂಡಾರದಲ್ಲಿ, ಒಟ್ಟಿಗೇ ಬಿಡುಗಡೆಯಾಗುತ್ತವೆ. ಒಂದರ ಇಕ್ಕಟ್ಟು ಇನ್ನೊಂದಕ್ಕೆ ಬೇಗ ಮುಟ್ಟುತ್ತದೆ.

ಎರಡು ಜಾಗ, ಎರಡು ಬೆಲೆ

ಸ್ಟ್ಯಾಕ್ ಎಂದರೆ ಬಾಳೆಲೆಯ ಊಟ: ಫಂಕ್ಷನ್ ಶುರುವಾದಾಗ ಎಲೆ ಹಾಕಿದರು, ಮುಗಿದಾಗ ಮಡಚಿ ಎತ್ತಿದರು, ಲೆಕ್ಕ ಇಡುವ ಗೋಜಿಲ್ಲ. ಹೀಪ್ ಎಂದರೆ ಬಾಡಿಗೆಗೆ ತಂದ ಪಾತ್ರೆ. ಯಾವುದು ಯಾರ ಕೈಯಲ್ಲಿದೆ, ಯಾವುದು ಖಾಲಿಯಾಯಿತು ಎಂದು ಯಾರಾದರೂ ನೋಡಿಕೊಳ್ಳುತ್ತಲೇ ಇರಬೇಕು. ಗೋದಲ್ಲಿ ಆ ಕೆಲಸ ಗಾರ್ಬೇಜ್ ಕಲೆಕ್ಟರಿನದು. 1.5ರಿಂದೀಚೆಗೆ ಅದು ಪ್ರೋಗ್ರಾಂ ಓಡುತ್ತಿರುವಾಗಲೇ ಪಕ್ಕದಲ್ಲಿ ಕೂತು ಬದುಕಿರುವುದಕ್ಕೆ ಗುರುತು ಹಾಕುತ್ತದೆ, ಉಳಿದದ್ದನ್ನು ಗುಡಿಸುತ್ತದೆ. ಯಾವ ಹೊಂದಾಣಿಕೆಯನ್ನೂ ಬದಲಿಸದಿದ್ದರೆ, ಹಿಂದಿನ ಸುತ್ತಿನಲ್ಲಿ ಉಳಿದ ಹೀಪು ಸುಮಾರು ಇಮ್ಮಡಿಯಾಗುವ ಹೊತ್ತಿಗೆ ಹೊಸ ಸುತ್ತು ಆರಂಭ. ಹಾಗಾಗಿ ಹೀಪಿನ ಪ್ರತಿ ತುಣುಕಿಗೂ ಎರಡು ಸಲ ಬೆಲೆ ತೆರಬೇಕು: ಪಡೆಯುವಾಗ ಒಮ್ಮೆ, ಗುಡಿಸುವಾಗ ಇನ್ನೊಮ್ಮೆ.

ಗೋದ ಸ್ಟ್ಯಾಕಿಗೆ ತನ್ನದೇ ಒಂದು ವೈಚಿತ್ರ್ಯವಿದೆ. ಪ್ರತಿ ಗೊರುಟೀನ್ (ಏಕಕಾಲದಲ್ಲಿ ಓಡಬಲ್ಲ ಹಗುರ ಎಳೆ) ಸಾಮಾನ್ಯವಾಗಿ 2 ಕಿಲೋಬೈಟಿನ ಪುಟ್ಟ ಸ್ಟ್ಯಾಕಿನೊಂದಿಗೆ ಹುಟ್ಟುತ್ತದೆ. ಅದು ಸಾಲದಾದರೆ ರನ್‌ಟೈಮ್ ಇಮ್ಮಡಿ ದೊಡ್ಡ ಜಾಗ ಹಿಡಿದು, ಇಡೀ ಸ್ಟ್ಯಾಕನ್ನು ಅಲ್ಲಿಗೆ ನಕಲು ಮಾಡಿ, ಒಳಗಿನ ಪಾಯಿಂಟರುಗಳನ್ನು ಹೊಸ ವಿಳಾಸಕ್ಕೆ ತಿದ್ದುತ್ತದೆ. 1.3 ಆವೃತ್ತಿಯಿಂದ ಇದೇ ಕ್ರಮ. ಸ್ಟ್ಯಾಕಿನಲ್ಲಿರುವ ವಸ್ತುವಿನ ವಿಳಾಸವನ್ನು ಹೀಪಿನಲ್ಲಿ ಎಲ್ಲೋ ಬರೆದಿಟ್ಟಿದ್ದರೆ, ಮನೆ ಬದಲಾದ ಸುದ್ದಿ ಅಲ್ಲಿಗೆ ತಲುಪುವುದೇ ಇಲ್ಲ. ಆದ್ದರಿಂದ ಕಂಪೈಲರ್ ಎರಡು ನಿಯಮಗಳನ್ನು ಮುರಿಯದೆ ಕಾಯುತ್ತದೆ. ಸ್ಟ್ಯಾಕಿನ ವಸ್ತುವಿನ ವಿಳಾಸ ಹೀಪಿನಲ್ಲಿ ಇರಕೂಡದು. ವಸ್ತು ಹೋದ ಮೇಲೆ ಅದರ ವಿಳಾಸ ಎಲ್ಲೂ ಉಳಿದಿರಕೂಡದು.

ಎಸ್ಕೇಪ್ ಅನಾಲಿಸಿಸ್

ಈ ನಿಯಮಗಳನ್ನು ಕಾಯುವ ಲೆಕ್ಕಾಚಾರವೇ ಎಸ್ಕೇಪ್ ಅನಾಲಿಸಿಸ್: ವಿಳಾಸವೊಂದು ತಾನು ಹುಟ್ಟಿದ ಫಂಕ್ಷನ್ನಿನಿಂದ ತಪ್ಪಿಸಿಕೊಂಡು ಹೊರಗೆ ಹೋಗುತ್ತದೆಯೇ ಎಂದು ಪತ್ತೆ ಹಚ್ಚುವುದು. ಕಲ್ಪನೆ ಗೋಗಿಂತ ಹಳೆಯದು. ಯಂಗ್ ಗಿಲ್ ಪಾರ್ಕ್ ಮತ್ತು ಬೆಂಜಮಿನ್ ಗೋಲ್ಡ್‌ಬರ್ಗ್ 1990ರ ಸುಮಾರಿಗೆ ಫಂಕ್ಷನಲ್ ಭಾಷೆಗಳಿಗಾಗಿ ಇದನ್ನು ಬೆಳೆಸಿದರು. 1999ರಲ್ಲಿ ಐಬಿಎಂ ಸಂಶೋಧಕರು ಜಾವಾಕ್ಕೆ ತಂದರು. ಜಾವಾದ ಹಾಟ್‌ಸ್ಪಾಟ್ ಇದನ್ನು ಪ್ರೋಗ್ರಾಂ ಓಡುತ್ತಿರುವಾಗ, ಬಿಸಿಯಾದ ಭಾಗಗಳಿಗೆ ಮಾತ್ರ ಮಾಡುತ್ತದೆ. ಅಂದಾಜು ತಪ್ಪಿದರೆ ಹಿಂದೆ ಸರಿಯುವ ಸೌಲಭ್ಯ ಅದಕ್ಕಿದೆ. ಗೋ ಮೊದಲೇ ಕಂಪೈಲ್ ಆಗಿಬಿಡುವ ಭಾಷೆ, ಹಿಂದೆ ಸರಿಯಲು ಬರುವುದಿಲ್ಲ. ಸಂಶಯ ಬಂದರೆ ಹೀಪ್, ಅಷ್ಟೆ.

ಕಂಪೈಲರ್ ಒಳಗೆ ಒಂದು ನಕ್ಷೆ ಬಿಡಿಸಿಕೊಳ್ಳುತ್ತದೆ. ಪ್ರತಿ ವೇರಿಯಬಲ್ಲೂ ಒಂದು ಬಿಂದು. ಪ್ರತಿ ನಿಯೋಜನೆಯೂ ಎರಡು ಬಿಂದುಗಳ ನಡುವಿನ ಗೆರೆ. ಗೆರೆಯ ಮೇಲೆ, ಪಾಯಿಂಟರನ್ನು ಎಷ್ಟು ಸಲ ಬಿಚ್ಚಲಾಯಿತು, ಎಷ್ಟು ಸಲ ವಿಳಾಸ ತೆಗೆಯಲಾಯಿತು ಎಂಬುದರ ವ್ಯತ್ಯಾಸ. ಒಂದು ವೇರಿಯಬಲ್ಲಿನ ವಿಳಾಸ ಗೆರೆಗಳುದ್ದಕ್ಕೂ ಹರಿದು ‘ಹೀಪ್’ ಎಂಬ ಬಿಂದುವನ್ನು ಮುಟ್ಟಿತೋ, ಆ ವೇರಿಯಬಲ್ ಹೀಪಿಗೆ. ಸಾಲುಗಳು ಯಾವ ಕ್ರಮದಲ್ಲಿ ನಡೆಯುತ್ತವೆ ಎಂಬುದನ್ನು ಈ ನಕ್ಷೆ ಗಮನಿಸುವುದಿಲ್ಲ. ಒಂದು ದಾರಿಯಲ್ಲಿ, ಅದೂ ಅಪರೂಪಕ್ಕೆ ತುಳಿಯುವ ದಾರಿಯಲ್ಲಿ ತಪ್ಪಿಸಿಕೊಂಡರೂ ಎಲ್ಲ ದಾರಿಗಳಲ್ಲೂ ತಪ್ಪಿಸಿಕೊಂಡಂತೆಯೇ. ಪಾಯಿಂಟರಿನ ಮೂಲಕ ಬರೆದದ್ದನ್ನೆಲ್ಲ ಹೀಪಿಗೆ ಬರೆದದ್ದೆಂದೇ ಎಣಿಸುತ್ತದೆ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಒಂದು ಒಳ್ಳೆಯ ಅವಾಂತರ ಇದರಿಂದಲೇ ಹುಟ್ಟಿತು.

ಕಂಪೈಲರ್ ಪ್ರತಿ ಫಂಕ್ಷನ್ನಿಗೂ ‘ಈ ಆರ್ಗ್ಯುಮೆಂಟ್ ತಪ್ಪಿಸಿಕೊಳ್ಳುವುದಿಲ್ಲ’, ‘ಇದು ಹಿಂತಿರುಗಿಸುವ ಮೌಲ್ಯದಲ್ಲಿ ಸೇರುತ್ತದೆ’ ಎಂಬಂಥ ಚೀಟಿ ಬರೆದು ಕಂಪೈಲ್ ಆದ ಪ್ಯಾಕೇಜಿನ ಜೊತೆ ಇಡುತ್ತದೆ. ಲೈಬ್ರರಿಯ ಫಂಕ್ಷನ್ನನ್ನು ಕರೆಯುವ ನಮ್ಮ ಕೋಡಿಗೆ ಲಾಭವಾಗುವುದು ಈ ಚೀಟಿಯಿಂದ. 2019ರ 1.13 ಆವೃತ್ತಿಯಲ್ಲಿ ಇಡೀ ವಿಶ್ಲೇಷಣೆಯನ್ನು ಹೊಸದಾಗಿ ಬರೆದು ಇನ್ನಷ್ಟು ಕರಾರುವಾಕ್ಕಾಗಿಸಿದರು. ತೀರ್ಮಾನಗಳನ್ನು ನೋಡಬೇಕೆಂದರೆ ಕಂಪೈಲರಿಗೆ ‘ಎಂ’ ಎಂಬ ಸೂಚಕ ಕೊಟ್ಟರೆ ಸಾಕು. ಯಾವ ಸಾಲಿನ ಯಾವ ವೇರಿಯಬಲ್ ಹೀಪಿಗೆ ಸರಿಯಿತು, ಯಾವುದು ಸರಿಯಲಿಲ್ಲ ಎಂದು ಸಾಲುಸಾಲಾಗಿ ಹೇಳುತ್ತದೆ. ಗೋ ಬರೆಯುವವರು ತಮ್ಮ ಕೋಡಿನ ಮೇಲೆ ಇದನ್ನು ಒಮ್ಮೆಯಾದರೂ ಓಡಿಸಿ ನೋಡಬೇಕು. ಅಂದುಕೊಂಡದ್ದಕ್ಕೂ ಅಲ್ಲಿ ಬರುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ಗಾತ್ರಕ್ಕೂ ಮಿತಿ ಇದೆ. ‘ನ್ಯೂ’, ‘ಮೇಕ್’ ಮೊದಲಾದವುಗಳಿಂದ ಬಂದದ್ದು 64 ಕಿಲೋಬೈಟನ್ನು ಮೀರಿದರೆ, ತಪ್ಪಿಸಿಕೊಳ್ಳದಿದ್ದರೂ ಹೀಪೇ ಗತಿ.

ಇನ್‌ಲೈನ್ ಮಾಡಿದರೆ ಬದಲಾಗುವ ಹಣೆಬರಹ

ಫಂಕ್ಷನ್ ಒಂದು ಹೊಸ ವಸ್ತು ಮಾಡಿ ಅದರ ವಿಳಾಸವನ್ನು ಹಿಂತಿರುಗಿಸಿದರೆ ಆ ವಸ್ತು ತಪ್ಪಿಸಿಕೊಂಡ ಹಾಗೆ, ಹೀಪಿಗೆ ಹೋಗಲೇಬೇಕು. ಆದರೆ ಆ ಫಂಕ್ಷನ್ನಿನ ಒಡಲನ್ನೇ ಕರೆದವರ ಒಳಗೆ ಕರಗಿಸಿಬಿಟ್ಟರೆ ವಸ್ತು ಹುಟ್ಟುವುದೇ ಕರೆದವರ ಮನೆಯಲ್ಲಿ, ಮರಳುವ ಪ್ರಶ್ನೆಯೇ ಇಲ್ಲ. ಗೋದ ಇನ್‌ಲೈನರ್ ಪ್ರತಿ ಫಂಕ್ಷನ್ನಿಗೆ 80 ಅಂಕಗಳ ಬಜೆಟ್ ಇಟ್ಟು, ಅದರೊಳಗೆ ಹಿಡಿಸುವ ಚಿಕ್ಕವುಗಳನ್ನು ಕರಗಿಸುತ್ತದೆ. 2019ರ ಫೆಬ್ರವರಿಯ 1.12ರಿಂದ, ಬೇರೊಂದನ್ನು ಕರೆಯುವುದಷ್ಟೇ ಕೆಲಸವಾಗಿರುವ ಫಂಕ್ಷನ್ನುಗಳೂ ಇದರ ಲೆಕ್ಕಕ್ಕೆ ಬಂದವು.

ಲೈಬ್ರರಿ ಬರೆಯುವವರು ಈ ಬಾಗಿಲನ್ನು ಕಂಡು ತಮ್ಮ ಬರವಣಿಗೆಯನ್ನೇ ಬದಲಿಸಿದರು. ಇಡಿ25519 ಡಿಜಿಟಲ್ ಸಹಿಯ ಪ್ಯಾಕೇಜನ್ನು ತೆರೆದು ‘ಸೈನ್’ ಫಂಕ್ಷನ್ ನೋಡಿ. ಅದರಲ್ಲಿ ಇರುವುದು ಮೂರೇ ಕೆಲಸ: 64 ಬೈಟಿನ ಒಂದು ಸ್ಲೈಸ್ (ಬೆಳೆಸಬಹುದಾದ ಸಾಲು) ಮಾಡುವುದು, ಅದನ್ನು ಚಿಕ್ಕಕ್ಷರದ ‘ಸೈನ್’ ಎಂಬ ಒಳ ಫಂಕ್ಷನ್ನಿಗೆ ಕೊಟ್ಟು ತುಂಬಿಸುವುದು, ಹಿಂತಿರುಗಿಸುವುದು. ಗಣಿತವೆಲ್ಲ ಒಳಗಿನದರಲ್ಲಿ. ಹೊರಗಿನದು ಇಷ್ಟು ತೆಳ್ಳಗಿರುವುದಕ್ಕೆ ಕಾರಣವನ್ನು ಅಲ್ಲಿಯ ಟಿಪ್ಪಣಿಯೇ ಹೇಳುತ್ತದೆ: ಹೀಗೆ ಬರೆದರೆ ಹಿಂತಿರುಗುವ ಸಹಿಗೆ ಸ್ಟ್ಯಾಕಿನಲ್ಲೇ ಜಾಗ ಸಿಗಬಹುದು. ಬಳಸುವವರಿಗೆ ಹೊರಗಿನ ಸ್ವರೂಪ ಮೊದಲಿನಂತೆಯೇ ಇದೆ, ಏನೂ ಬದಲಾಗಿಲ್ಲ. ಹಂಚಿಕೆ ಮಾತ್ರ ಸದ್ದಿಲ್ಲದೆ ಮಾಯ. ಲೈಬ್ರರಿಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಉಪಾಯ ಇದು, ಏಕೆಂದರೆ ಇದರಲ್ಲಿ ಮೋಸವಿಲ್ಲ.

ಮುಂದಿನದರಲ್ಲಿ ಇದೆ.

ಬಫರ್ ಮತ್ತು ಬಿಲ್ಡರ್

‘ಬೈಟ್ಸ್’ ಪ್ಯಾಕೇಜಿನ ‘ಬಫರ್’ ಎಂಬ ವಿಧದೊಳಗೆ ಹಿಂದೆ 64 ಬೈಟಿನ ಒಂದು ಪುಟ್ಟ ಅರೇ ಇತ್ತು. ಚಿಕ್ಕ ಬರಹಗಳಿಗೆ ಹೀಪಿನ ಹಂಚಿಕೆ ಬೇಡ, ಈ ಒಳಗಿನ ಜಾಗವೇ ಸಾಕು ಎಂಬುದು ಉದ್ದೇಶ. ಬಳಸುವಾಗ ಬಫರಿನ ಸ್ಲೈಸನ್ನು ತನ್ನದೇ ಒಳಗಿನ ಅರೇಯತ್ತ ತಿರುಗಿಸಬೇಕು, ಅಂದರೆ ವಸ್ತು ತನ್ನೊಳಗೇ ತನ್ನ ವಿಳಾಸವನ್ನು ಬರೆದುಕೊಳ್ಳಬೇಕು. ಬರೆಯುವುದು ಪಾಯಿಂಟರಿನ ಮೂಲಕ. ಪಾಯಿಂಟರಿನ ಮೂಲಕ ಬರೆದದ್ದು ಹೀಪಿಗೆ ಬರೆದದ್ದೆಂದೇ ಕಂಪೈಲರಿನ ಎಣಿಕೆ. ಪರಿಣಾಮವಾಗಿ ಇಡೀ ಬಫರ್, ಒಳಗಿನ 64 ಬೈಟಿನ ಸಮೇತ, ಪ್ರತಿ ಸಲವೂ ಹೀಪಿಗೆ ಹೋಗುತ್ತಿತ್ತು. ಹಂಚಿಕೆ ಉಳಿಸಲೆಂದು ಇಟ್ಟದ್ದೇ ಹಂಚಿಕೆಗೆ ಕಾರಣವಾಯಿತು. ದೋಷಗಳ ಪಟ್ಟಿಯಲ್ಲಿ 7921ನೆಯದಾಗಿ ದಾಖಲಾದ ಈ ಸಂಗತಿ ವರ್ಷಗಟ್ಟಲೆ ಹಾಗೇ ಇತ್ತು. ಕೊನೆಗೆ ಅರೇಯನ್ನು ಕಿತ್ತುಹಾಕಿದರು; ಮೊದಲ ಚಿಕ್ಕ ಬರಹ ಬಂದಾಗ 64 ಬೈಟನ್ನು ಹೀಪಿನಿಂದ ಪಡೆಯುವ ಸಾದಾ ಕ್ರಮ ಬಂತು.

2018ರ ಫೆಬ್ರವರಿಯಲ್ಲಿ 1.10 ಆವೃತ್ತಿಯೊಂದಿಗೆ ಬಂದ ‘ಸ್ಟ್ರಿಂಗ್ಸ್.ಬಿಲ್ಡರ್’ ಇದೇ ಬಲೆಗೆ ಬಿತ್ತು. ಸ್ಟ್ರಿಂಗನ್ನು ತುಂಡುತುಂಡಾಗಿ ಕಟ್ಟಿ, ಕೊನೆಯಲ್ಲಿ ನಕಲು ಮಾಡದೆ ಅದೇ ಬೈಟುಗಳನ್ನು ಸ್ಟ್ರಿಂಗ್ ಎಂದು ಕೊಡುವುದು ಬಿಲ್ಡರಿನ ಹೆಗ್ಗಳಿಕೆ. ಹಾಗೆ ಕೊಡಬೇಕಾದರೆ ಬಿಲ್ಡರನ್ನು ಯಾರೂ ಪ್ರತಿ ಮಾಡಿ ಎರಡು ಕಡೆ ಬರೆಯದಂತೆ ನೋಡಿಕೊಳ್ಳಬೇಕು. ಅದಕ್ಕೆ ಬಿಲ್ಡರ್ ಮೊದಲ ಬಳಕೆಯಲ್ಲೇ ತನ್ನ ವಿಳಾಸವನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ; ಮುಂದೆ ಆ ವಿಳಾಸ ತಾಳೆಯಾಗದಿದ್ದರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುತ್ತದೆ. ಮತ್ತೆ ಅದೇ ಕಥೆ: ತನ್ನ ವಿಳಾಸ ತನ್ನಲ್ಲೇ, ಆದ್ದರಿಂದ ಹೀಪ್.

ಪರಿಹಾರವಾಗಿ ಬಂದದ್ದು ‘ನೋಎಸ್ಕೇಪ್’ ಎಂಬ ಪುಟ್ಟ ಫಂಕ್ಷನ್. ಪಾಯಿಂಟರನ್ನು ಬರಿಯ ಪೂರ್ಣಾಂಕವಾಗಿ ಮಾರ್ಪಡಿಸುತ್ತದೆ, ಸೊನ್ನೆಯ ಜೊತೆ ಎಕ್ಸ್‌ಆರ್ ಮಾಡುತ್ತದೆ, ಮರಳಿ ಪಾಯಿಂಟರಾಗಿಸುತ್ತದೆ. ಸೊನ್ನೆಯೊಂದಿಗೆ ಎಕ್ಸ್‌ಆರ್ ಮಾಡಿದರೆ ಏನೂ ಬದಲಾಗದು. ಒಳಹೋದದ್ದೇ ಹೊರಬರುತ್ತದೆ, ಯಂತ್ರಸಂಕೇತದಲ್ಲಿ ಒಂದು ಆಜ್ಞೆಯೂ ಉಳಿಯುವುದಿಲ್ಲ. ಆದರೆ ವಿಶ್ಲೇಷಣೆಯ ಕಣ್ಣಿಗೆ ಗೆರೆ ಅಲ್ಲಿಗೆ ಕಡಿದುಹೋಗುತ್ತದೆ. ಸ್ವಂತ ಲೈಬ್ರರಿಯೇ ಸ್ವಂತ ಕಂಪೈಲರಿಗೆ ಹೇಳುವ ಸುಳ್ಳು ಇದು. ಎಚ್ಚರದಿಂದ ಬಳಸಿ ಎಂಬ ಸೂಚನೆ ಅದರ ತಲೆಯ ಮೇಲೇ ಇದೆ, ಮೂಲದೋಷ ಸರಿಹೋದ ದಿನ ಇದನ್ನು ತೆಗೆಯಬೇಕು ಎಂಬ ಟಿಪ್ಪಣಿ ಬಿಲ್ಡರಿನಲ್ಲಿದೆ.

ಕಂಪೈಲರ್ ಕಲಿತ ರೂಢಿಗಳು

ಗೋದಲ್ಲಿ ಸ್ಟ್ರಿಂಗನ್ನು ತಿದ್ದಲಾಗದು, ಬೈಟುಗಳ ಸ್ಲೈಸನ್ನು ತಿದ್ದಬಹುದು. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಿಯಮದಂತೆ ನಕಲಾಗಬೇಕು. ಜಾಲದಿಂದ ಬರುವುದು ಬೈಟುಗಳು, ಮ್ಯಾಪಿನ ಕೀಲಿಗಳು ಸ್ಟ್ರಿಂಗುಗಳು. ಪ್ರತಿ ಹುಡುಕಾಟಕ್ಕೂ ಒಂದು ನಕಲೆಂದರೆ ಸರ್ವರುಗಳ ಗತಿಯೇನು? ಹಾಗಾಗಿ ಕಂಪೈಲರ್ ಕೆಲವು ಮಾದರಿಗಳನ್ನು ಮುಖ ನೋಡಿ ಗುರುತಿಸುತ್ತದೆ. ಮ್ಯಾಪಿನ ಚೌಕಾವರಣದೊಳಗೇ ಬೈಟುಗಳನ್ನು ಸ್ಟ್ರಿಂಗಾಗಿಸಿ ಹುಡುಕಿದರೆ ನಕಲಿಲ್ಲ. ಎರಡು ಪರಿವರ್ತನೆಗಳನ್ನು ಹೋಲಿಸಿದರೂ ನಕಲಿಲ್ಲ. ಆದರೆ ಅದೇ ಪರಿವರ್ತನೆಯನ್ನು ಮೊದಲು ಒಂದು ವೇರಿಯಬಲ್ಲಿಗೆ ಹಾಕಿಕೊಂಡು ಆಮೇಲೆ ಹುಡುಕಿದರೆ ಕಂಪೈಲರ್ ಗುರುತು ಹಿಡಿಯದೆ ನಕಲು ಮಾಡಿಬಿಡಬಹುದು. ಕೋಡನ್ನು ಓದಲು ಸುಲಭವಾಗಲೆಂದು ಒಂದು ಸಾಲನ್ನು ಎರಡು ಮಾಡಿದ್ದಕ್ಕೆ ದಂಡ. ಇಂಥ ಗುಟ್ಟಿನ ನಿಯಮಗಳು ಭಾಷೆಗೆ ಶೋಭೆಯಲ್ಲ ಎಂದು ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿದೆ.

ವಿರುದ್ಧ ದಿಕ್ಕಿನಲ್ಲೂ, ಅಂದರೆ ಸ್ಟ್ರಿಂಗಿನಿಂದ ಬೈಟುಗಳತ್ತ ಹೋಗುವಾಗಲೂ, ಆ ಬೈಟುಗಳನ್ನು ಯಾರೂ ತಿದ್ದುವುದಿಲ್ಲವೆಂದು ಖಚಿತವಾದರೆ ನಕಲನ್ನು ಬಿಡುವುದು 1.22ರಿಂದ ಸಾಧ್ಯವಾಯಿತು. ನಕಲು ಅನಿವಾರ್ಯವಾಗಿ, ಫಲಿತಾಂಶ ಫಂಕ್ಷನ್ ದಾಟದಿದ್ದರೆ, ಕಂಪೈಲರ್ ಸ್ಟ್ಯಾಕಿನಲ್ಲಿ 32 ಬೈಟಿನ ತಾತ್ಕಾಲಿಕ ಜಾಗ ಕಾದಿರಿಸಿ ಅಲ್ಲಿಗೆ ಹಿಡಿಸಲು ನೋಡುತ್ತದೆ.

ಸ್ಲೈಸ್ ಬೆಳೆಸುವ ‘ಅಪೆಂಡ್’ ಕೂಡ ಹೀಗೆಯೇ. 1.18ರಿಂದೀಚೆಗೆ 256 ಅಂಶಗಳವರೆಗೆ ಸಾಮರ್ಥ್ಯ ಇಮ್ಮಡಿಯಾಗುತ್ತದೆ, ಆಮೇಲೆ ನಿಧಾನಕ್ಕೆ ಕಾಲು ಭಾಗದ ಬೆಳವಣಿಗೆಯತ್ತ ಇಳಿಯುತ್ತದೆ. ಒಂದು ಸ್ಲೈಸಿಗೆ ‘ಮೇಕ್’ ಮಾಡಿದ ಹೊಸ ಸ್ಲೈಸನ್ನು ಅಪೆಂಡ್ ಮಾಡಿದರೆ ಆ ಹೊಸ ಸ್ಲೈಸನ್ನು ನಿಜವಾಗಿ ಸೃಷ್ಟಿಸುವುದಿಲ್ಲ, 1.11ರಲ್ಲಿ ಕಂಪೈಲರ್ ಇದನ್ನು ಕಲಿಯಿತು. 2023ರಲ್ಲಿ 1.21ರೊಂದಿಗೆ ಲೈಬ್ರರಿಗೆ ಬಂದ ‘ಸ್ಲೈಸಸ್’ ಪ್ಯಾಕೇಜಿನ ‘ಗ್ರೋ’ ಈ ಪಾಠವನ್ನೇ ನೆಚ್ಚಿಕೊಂಡಿದೆ.

ಬಹುಕಾಲ ಬಗೆಹರಿಯದೆ ಉಳಿದದ್ದು ಗಾತ್ರ ಮೊದಲೇ ತಿಳಿಯದ ‘ಮೇಕ್’. ಎಷ್ಟು ಅಂಶಗಳು ಬೇಕೆಂಬುದು ಓಡುವಾಗ ಮಾತ್ರ ಗೊತ್ತಾಗುವುದಾದರೆ ಸ್ಟ್ಯಾಕಿನಲ್ಲಿ ಜಾಗ ಕಾದಿರಿಸುವುದು ಹೇಗೆ? 2025ರ ಆಗಸ್ಟ್‌ನ 1.25 ಆವೃತ್ತಿ ಕೊಟ್ಟ ಉತ್ತರ ಮನೆವಾರ್ತೆಯ ಜಾಣತನದ್ದು: 32 ಬೈಟನ್ನು ಹೇಗೂ ಕಾದಿರಿಸಿರು, ಕೇಳಿದ್ದು ಅದರಲ್ಲಿ ಹಿಡಿಸಿದರೆ ಅಲ್ಲಿ, ಇಲ್ಲದಿದ್ದರೆ ಹೀಪಿನಲ್ಲಿ. 8 ಬೈಟಿನ ಪೂರ್ಣಾಂಕಗಳಾದರೆ 4 ಹಿಡಿಸುತ್ತವೆ. ಕಡಿಮೆಯೆನಿಸಬಹುದು, ಆದರೆ ಪ್ರೋಗ್ರಾಮುಗಳಲ್ಲಿ ಹುಟ್ಟುವ ಸ್ಲೈಸುಗಳಲ್ಲಿ ಒಂದೆರಡು ಅಂಶದವು ಬೇಕಾದಷ್ಟು. ಜೊತೆಗೇ ಒಂದು ಎಚ್ಚರಿಕೆಯೂ ಬಂತು. ‘ಅನ್‌ಸೇಫ್’ ಪಾಯಿಂಟರುಗಳನ್ನು ತಪ್ಪಾಗಿ ಬಳಸಿಯೂ ಇಷ್ಟು ದಿನ ಹೀಪಿನ ಕೃಪೆಯಿಂದ ಬಚಾವಾಗಿದ್ದ ಕೋಡು ಈಗ ಮುರಿಯಬಹುದು. ಅದಕ್ಕಾಗಿ ಈ ಸುಧಾರಣೆಯನ್ನು ನಿಲ್ಲಿಸಿಡುವ ಸೂಚಕವನ್ನೂ, ತಪ್ಪಿನ ಸಾಲನ್ನು ಸೋಸಿ ತೆಗೆಯುವ ಸಾಧನವನ್ನೂ ಕೊಟ್ಟರು.

ಇಂಟರ್‌ಫೇಸ್ ಎಂಬ ಗೋಡೆ

‘ಐಒ.ರೀಡರ್’ ಗೋ ಲೈಬ್ರರಿಯ ಅತಿ ಪರಿಚಿತ ಇಂಟರ್‌ಫೇಸ್. ಓದಿದ ಬೈಟುಗಳನ್ನು ಅದು ಹೊಸದಾಗಿ ಮಾಡಿ ಕೊಡುವುದಿಲ್ಲ. ಕರೆಯುವವರೇ ಪಾತ್ರೆ ಕೊಡಬೇಕು, ಅದರಲ್ಲಿ ತುಂಬುತ್ತದೆ. ಒಂದೇ ಬಫರನ್ನು ಸಾವಿರ ಸಲ ಬಳಸಬಹುದಾದ್ದರಿಂದ ಈ ವಿನ್ಯಾಸ ಸರಿಯಾದದ್ದೇ. ಆದರೆ ಕರೆ ಇಂಟರ್‌ಫೇಸಿನ ಮೂಲಕ ಹೋದಾಗ ಆಚೆ ಇರುವುದು ಫೈಲೋ, ಜಾಲದ ಸಂಪರ್ಕವೋ, ಬಫರನ್ನು ಬಚ್ಚಿಟ್ಟುಕೊಳ್ಳುವ ಬೇರೇನೋ ಕಂಪೈಲರಿಗೆ ಕಾಣದು. ಹಾಗಾಗಿ ಬಫರ್ ಹೀಪಿಗೆ. 1.21ರಿಂದ ಹಿಂದಿನ ಓಟದ ದಾಖಲೆ (ಪ್ರೊಫೈಲ್) ನೋಡಿ ಕಂಪೈಲ್ ಮಾಡುವ ಸೌಲಭ್ಯ ಪಕ್ವವಾಗಿದೆ. ‘ಹೆಚ್ಚಿನ ಸಲ ಇದು ಫೈಲ್, ಹೌದಾದರೆ ನೇರವಾಗಿ ಕರೆ’ ಎಂಬ ತಿರುವನ್ನು ಅದು ಹಾಕಬಲ್ಲದು. ಸಾಮಾನ್ಯವಾಗಿ ಶೇ. 2ರಿಂದ 7ರಷ್ಟು ವೇಗ ಹೆಚ್ಚುತ್ತದೆ ಎಂದು ಆ ಆವೃತ್ತಿಯ ಟಿಪ್ಪಣಿ ಹೇಳಿತ್ತು. ಬಫರಿನ ಸ್ಥಿತಿ ಮಾತ್ರ ಬದಲಾಗುವುದಿಲ್ಲ, ಏಕೆಂದರೆ ‘ಫೈಲ್ ಅಲ್ಲದಿದ್ದರೆ’ ಎಂಬ ಇನ್ನೊಂದು ದಾರಿ ಅಲ್ಲೇ ಉಳಿದಿರುತ್ತದೆ.

ಮುದ್ರಣದ ‘ಎಫ್‌ಎಂಟಿ’ ಪ್ಯಾಕೇಜು ಈ ಗೋಡೆಗೆ ತಲೆಕೊಟ್ಟು ಬದುಕುತ್ತಿದೆ. ಅದಕ್ಕೆ ಕೊಡುವ ಪ್ರತಿ ಮೌಲ್ಯವೂ ಇಂಟರ್‌ಫೇಸಿನೊಳಗೆ ಹೋಗಬೇಕು, ಹೋಗಲು ಸಾಮಾನ್ಯವಾಗಿ ಹೀಪಿನಲ್ಲಿ ಒಂದು ಪ್ರತಿ ಬೇಕು. ನೋವು ಕಡಿಮೆ ಮಾಡುವ ಏರ್ಪಾಡುಗಳು ಹಲವು. ರನ್‌ಟೈಮ್ 0ಯಿಂದ 255ರವರೆಗಿನ ಮೌಲ್ಯಗಳ ಸಿದ್ಧ ಕೋಷ್ಟಕ ಇಟ್ಟುಕೊಂಡಿದೆ. ಅಷ್ಟರೊಳಗಿನ ಪೂರ್ಣಾಂಕಕ್ಕೆ ಹಂಚಿಕೆಯಿಲ್ಲ. ‘ಎಸ್‌ಟಿಆರ್‌ಕಾನ್ವ್’ 100ಕ್ಕಿಂತ ಕೆಳಗಿನ ಸಂಖ್ಯೆಗಳ ಸ್ಟ್ರಿಂಗ್ ರೂಪವನ್ನು ಮೊದಲೇ ಬರೆದಿಟ್ಟ ಉದ್ದದ ಸ್ಟ್ರಿಂಗೊಂದರಿಂದ ಕತ್ತರಿಸಿ ಕೊಡುತ್ತದೆ. ‘ಎಫ್‌ಎಂಟಿ’ ತನ್ನ ಒಳಗಿನ ಮುದ್ರಕ ವಸ್ತುಗಳನ್ನು 1.3ರಲ್ಲಿ ಬಂದ ‘ಸಿಂಕ್.ಪೂಲ್’ನಲ್ಲಿಟ್ಟು ಮರುಬಳಸುತ್ತದೆ; ಯಾರೋ ದೊಡ್ಡದೊಂದನ್ನು ಮುದ್ರಿಸಿ ಬಫರ್ 64 ಕಿಲೋಬೈಟಿಗಿಂತ ಉಬ್ಬಿದ್ದರೆ ಅದನ್ನು ಪೂಲಿಗೆ ಮರಳಿಸದೆ ಬಿಸಾಡುತ್ತದೆ. ಒಬ್ಬರ ಭಾರೀ ಊಟದ ಪಾತ್ರೆಯನ್ನು ಎಲ್ಲರೂ ಹೊತ್ತು ತಿರುಗಬಾರದಲ್ಲ.

ಹೀಪಿಗೆ ಹೋಗಲೇಬೇಕಾದಾಗ

ಗೋದ ಹಂಚಿಕೆದಾರ ಮೂಲತಃ ಗೂಗಲ್‌ನ ಟಿಸಿಮ್ಯಾಲಕ್ ಮಾದರಿಯದು, ಈಗ ಬಹಳ ದೂರ ಬಂದಿದೆ. 32 ಕಿಲೋಬೈಟಿನವರೆಗಿನ ಕೋರಿಕೆಗಳನ್ನು ಸುಮಾರು 70 ಅಳತೆಗಳಿಗೆ ಮೇಲ್ಮುಖವಾಗಿ ಹೊಂದಿಸಿ ಕೊಡುತ್ತದೆ. ಕೆಲಸ ನಡೆಸುವ ಪ್ರತಿ ಪ್ರೊಸೆಸರಿಗೂ ಸ್ವಂತ ಸಂಚಯವಿರುವುದರಿಂದ ಸಾಮಾನ್ಯವಾಗಿ ಬೀಗ ಹಾಕುವ ಪ್ರಮೇಯವಿಲ್ಲ. 16 ಬೈಟಿಗಿಂತ ಚಿಕ್ಕದಾದ, ಪಾಯಿಂಟರಿಲ್ಲದ ತುಣುಕುಗಳನ್ನು ಒಂದೇ 16 ಬೈಟಿನ ಗೂಡಿನಲ್ಲಿ ಒತ್ತಿ ಕೂರಿಸುತ್ತದೆ; ಜೇಸನ್ ಪರೀಕ್ಷೆಯೊಂದರಲ್ಲಿ ಇದರಿಂದ ಹಂಚಿಕೆಗಳ ಸಂಖ್ಯೆ ಸುಮಾರು ಶೇ. 12, ಹೀಪಿನ ಗಾತ್ರ ಸುಮಾರು ಶೇ. 20 ಇಳಿಯಿತೆಂದು ಮೂಲಕೋಡಿನ ಟಿಪ್ಪಣಿಯಲ್ಲಿದೆ. ಗಾತ್ರವೇ ಇಲ್ಲದ ವಸ್ತು ಕೇಳಿದರೆ ಎಲ್ಲರಿಗೂ ಒಂದೇ ವಿಳಾಸ. 2026ರ 1.26 ಆವೃತ್ತಿಯಲ್ಲಿ ಕಂಪೈಲರ್ ಇನ್ನೊಂದು ಹೆಜ್ಜೆ ಇಟ್ಟು, 512 ಬೈಟಿಗಿಂತ ಚಿಕ್ಕ ಕೋರಿಕೆಗಳಿಗೆ ಅಳತೆಗೆ ತಕ್ಕ ಪ್ರತ್ಯೇಕ ಹಂಚಿಕೆ ಫಂಕ್ಷನ್ನುಗಳನ್ನೇ ಕರೆಯತೊಡಗಿತು. ಕೆಲವು ಹಂಚಿಕೆಗಳ ಖರ್ಚು ಶೇ. 30ರವರೆಗೆ ಇಳಿಯುತ್ತದಂತೆ, ಹಂಚಿಕೆಯೇ ಹೆಚ್ಚಿರುವ ನಿಜವಾದ ಪ್ರೋಗ್ರಾಮಿನಲ್ಲಿ ಒಟ್ಟು ಲಾಭ ಶೇ. 1ರ ಆಸುಪಾಸು. ಈ ಕ್ಷೇತ್ರದಲ್ಲಿ ಶೇ. 1 ಎಂದರೆ ಹಬ್ಬ.

ಇದೇ ಗುರಿಗೆ ಬೇರೆ ಭಾಷೆಗಳ ದಾರಿ ಬೇರೆ. ಸಿ++14ರ ನಿಯಮಾವಳಿ, ‘ನ್ಯೂ’ ಮೂಲಕ ಕೇಳಿದ ಹಂಚಿಕೆಗಳನ್ನು ಕಂಪೈಲರ್ ಪೂರ್ತಿ ಕೈಬಿಡಲು ಅಥವಾ ಒಂದಕ್ಕೊಂದು ಸೇರಿಸಲು ಬಾಯಿಬಿಟ್ಟು ಅನುಮತಿ ಕೊಟ್ಟಿದೆ. ರಸ್ಟ್‌ನಲ್ಲಿ ಖಾಲಿ ವೆಕ್ಟರ್ ಹಂಚಿಕೆಯನ್ನೇ ಮಾಡುವುದಿಲ್ಲ, ಹೀಪ್ ಬೇಕಾದವರು ‘ಬಾಕ್ಸ್’ ಎಂದು ಬರೆಯುತ್ತಾರೆ. ಗೋದ ಭಾಷಾ ನಿಯಮಾವಳಿಯಲ್ಲಿ ಸ್ಟ್ಯಾಕ್, ಹೀಪ್ ಎಂಬ ವಿಂಗಡಣೆಯೇ ಇಲ್ಲ. ಮೇಲೆ ಹೇಳಿದ ಯಾವುದಕ್ಕೂ ಭಾಷೆಯ ಭರವಸೆಯಿಲ್ಲ. ಎಲ್ಲವೂ ಇಂದಿನ ಕಂಪೈಲರಿನ ಇಂದಿನ ನಡತೆ.

ಆ ಕೊರತೆಯನ್ನು ಲೈಬ್ರರಿ ತನ್ನ ಪರೀಕ್ಷೆಗಳಲ್ಲಿ ತುಂಬಿಕೊಂಡಿದೆ. ‘ಟೆಸ್ಟಿಂಗ್’ ಪ್ಯಾಕೇಜಿನ ‘ಅಲಾಕ್ಸ್‌ಪರ್‌ರನ್’ ಒಂದು ಫಂಕ್ಷನ್ನನ್ನು ಹಲವು ಸಲ ಓಡಿಸಿ, ಸರಾಸರಿ ಎಷ್ಟು ಹಂಚಿಕೆಯಾಯಿತೆಂದು ಎಣಿಸುತ್ತದೆ. ಲೈಬ್ರರಿಯ ಹಲವು ಪ್ಯಾಕೇಜುಗಳಲ್ಲಿ ‘ಇಲ್ಲಿ ಸೊನ್ನೆ ಇರಬೇಕು’ ಎಂಬ ಪರೀಕ್ಷೆಗಳಿವೆ; ಕಂಪೈಲರಿನ ಬದಲಾವಣೆಯೊಂದು ಆ ಸೊನ್ನೆಯನ್ನು ಒಂದು ಮಾಡಿದರೆ ಬಿಡುಗಡೆಗೆ ಮೊದಲೇ ಸಿಕ್ಕಿಬೀಳುತ್ತದೆ. ನಮ್ಮ ಕೋಡಿಗೆ ಅಂಥ ಕಾವಲಿಲ್ಲ, ನಾವೇ ಹಾಕಿಕೊಳ್ಳಬೇಕು. ಹಂಚಿಕೆಯ ಜಾಡು ಹಿಡಿಯುವಾಗಲೂ ಎಚ್ಚರ ಬೇಕು: ಸ್ಟ್ಯಾಕಿನಲ್ಲಿ ನೆಮ್ಮದಿಯಾಗಿದ್ದ ವೇರಿಯಬಲ್ಲಿನಲ್ಲಿ ಏನಿದೆಯೆಂದು ನೋಡಲು ಅದರ ವಿಳಾಸವನ್ನು ‘ಎಫ್‌ಎಂಟಿ’ಯ ಮುದ್ರಣಕ್ಕೆ ಕೊಟ್ಟ ಕ್ಷಣ ಅದು ಹೀಪಿಗೆ ಹೋಗುತ್ತದೆ, ಹುಡುಕುತ್ತಿದ್ದ ಸಂಗತಿಯೇ ಬದಲಾಗಿರುತ್ತದೆ. ಭಾಷೆಯೊಳಗೇ ಅಡಗಿರುವ, ಚಿಕ್ಕಕ್ಷರದಿಂದ ಶುರುವಾಗುವ ‘ಪ್ರಿಂಟ್‌ಎಲ್‌ಎನ್’ ಮಾತ್ರ ಏನನ್ನೂ ಹೀಪಿಗೆ ತಳ್ಳದೆ ನೇರವಾಗಿ ದೋಷದ ಹೊರಹರಿವಿಗೆ ಬರೆಯುತ್ತದೆ. ರನ್‌ಟೈಮಿನ ಒಳಗೆ ಕೆಲಸ ಮಾಡುವವರು ಬಳಸುವುದು ಅದನ್ನೇ.